ಹದಿನಾಲ್ಕನೇ ಬೂತಿನ ಒಂಬತ್ತು ಓಟು

ಕುಷಾಯಿಗೂಡ
ಜನವರಿ ೧೭

ತಂಗಿ ಮಹಾನಂದಾ,

ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರಬೇಕು. ಇಪ್ಪತ್ತೆರಡು ವರ್ಷ ಕಳೆದರೂ ನಿನ್ನ ಅಕ್ಕನ ಸಾಲು ಇನ್ನೂ ಕೆಳಗಿಳಿದೇ ಹೋಗುತ್ತದೆ. ಹರಿದು ಹಾಕಬೇಡ, ಕೊನೆಯವರೆಗೂ ಓದು. ಆಮೇಲೆ ಬೇಕಾದಷ್ಟು ಬೈಯಿ.

ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಅನ್ನಬೇಡ. ನನ್ನ ಫೋನು ಹೆಸರಿಗೆ ಮಾತ್ರ ನನ್ನದು. ಸಂಜೆಯಾದರೆ ಇವರು ನೋಡುತ್ತಾರೆ, ಭಾವನವರು ಬಂದರೆ ಅವರೂ "ಏನೇನ್ ಬಂದೈತಿ ನೋಡೂಣು" ಅಂತ ಎತ್ತಿಕೊಳ್ಳುತ್ತಾರೆ. ಅಂಚೆಯಲ್ಲಿ ಹಾಕಿದರೆ ನಿನ್ನ ಉತ್ತರ ಮೊದಲು ಇವರ ಕೈಗೇ ಬರುತ್ತದೆ. ಅದಕ್ಕೇ ಸೊಸೆ ಪಿಂಕಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳಿಗೆ ಶಂಶಾಬಾದಿನ ಏರ್‌ಪೋರ್ಟಿನಲ್ಲಿ ಕೆಲಸ, ದಿನಾ ತಾರ್ನಾಕದ ಮೇಲಿಂದಲೇ ಹೋಗುತ್ತಾಳೆ. ನಾಲಾ ಆಚೆಯ ಬಸ್ತಿಯ ತೆಲುಗು ಹುಡುಗಿ, ದಲಿತರ ಮನೆಯವಳು. ನಮ್ಮ ವೈಭವ ಇಷ್ಟಪಟ್ಟು ರಿಜಿಸ್ಟರ್ ಮದುವೆಯಾಗಿ ಎರಡು ವರ್ಷವಾಯಿತು. ಹೌದು, ನೀನು ಮಾಡಿದ್ದನ್ನೇ ನನ್ನ ಮಗ ಮಾಡಿದ. ಅವನು ಗಂಡು, ಸಮಾಜ ಉಳಿಸಿಕೊಂಡಿತು. ಪಿಂಕಿ ನಮ್ಮ ಕನ್ನಡ ಅಷ್ಟಿಷ್ಟು ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಹಾಗಾಗಿ ಇದರಲ್ಲಿ ಏನು ಬರೆದರೂ ಚಿಂತೆಯಿಲ್ಲ.

ವಿಷಯ ಇಷ್ಟು. ಬರುವ ತಿಂಗಳು ನಮ್ಮ ವಾರ್ಡಿನ ಚುನಾವಣೆ. ಇವರ ಅಣ್ಣ, ಭಾವ ಗುರುಸಿದ್ದಪ್ಪನವರ ಮಗ ದಿನೇಶನಿಗೆ ದೊಡ್ಡ ಪಕ್ಷದ ಟಿಕೆಟ್ ಸಿಕ್ಕಿದೆ. ಕಲಬುರಗಿ ಕಡೆಯಿಂದ ಬಂದು ಇಲ್ಲಿ ಮನೆ ಮಾಡಿಕೊಂಡ ನಮ್ಮವರದು ಎಪ್ಪತ್ತೊಂದು ಓಟು, ಎಲ್ಲವೂ ಹದಿನಾಲ್ಕನೇ ಬೂತಿನಲ್ಲಿ. ಕಳೆದ ಭಾನುವಾರ ಗಂಡಸರೆಲ್ಲ ಸೇರಿ, ತಾಟಿನಲ್ಲಿ ಮೈಲಾರಲಿಂಗನ ಭಂಡಾರ ಇಟ್ಟು, ಆ ಅರಿಶಿನದ ಮೇಲೆ ಕೈಯೂರಿ ಆಣೆ ಮಾಡಿದರು. ಮನೆಗೊಬ್ಬ ಗಂಡಸು ಕೈಯಿಟ್ಟರೆ ಸಾಕು, ಆ ಮನೆಯ ಅಷ್ಟೂ ಓಟು ಕಟ್ಟಿದ ಹಾಗೆ. ಇವರು ನಮ್ಮ ನಾಲ್ಕು ಓಟಿಗೆ ಕೈಯಿಟ್ಟು ಬಂದರು. ನಮ್ಮನ್ನು ಯಾರೂ ಕೇಳಲಿಲ್ಲ, ಕೇಳುವ ರೂಢಿಯೂ ಇಲ್ಲ.

ಎದುರಿಗೆ ನಿಂತವಳು ಬಾಲಮಣಿ. ಬಸ್ತಿಯ ಆಶಾ ಕಾರ್ಯಕರ್ತೆ, ಪಿಂಕಿಯ ಜಾತಿಯವಳೇ, ಪಕ್ಷೇತರ, ಕುಕ್ಕರ್ ಗುರುತು. ಕರೋನಾದಲ್ಲಿ ನಮ್ಮವರೆಲ್ಲ ಕಿಟಕಿ ಹಾಕಿಕೊಂಡಾಗ ಇವರನ್ನು ಆಂಬುಲೆನ್ಸಿಗೆ ಹತ್ತಿಸಿದವಳು ಅವಳು. ಬಸ್ತಿಯಲ್ಲಿ ಯಾವ ಗಂಡಸು ಹೆಂಡತಿಯ ಮೇಲೆ ಕೈಯೆತ್ತಿದರೂ ಆ ಹೆಂಗಸನ್ನು ಠಾಣೆಗೆ ಕರೆದೊಯ್ದು, ಬರೆದುಕೊಳ್ಳುವವರೆಗೂ ಬೆಂಚು ಬಿಟ್ಟು ಏಳುವುದಿಲ್ಲವಂತೆ.

ಈಗ ಭೋಗಿಯ ದಿನದ ಮಾತು. ಪ್ರತಿ ವರ್ಷದಂತೆ ಭಾವನವರ ಅಂಗಳದಲ್ಲಿ ಸಮಾಜದ ಹೆಂಗಸರು ಸಜ್ಜೆರೊಟ್ಟಿಗೆ ಕೂತೆವು. ಮೂರು ಒಲೆ, ಒಂಬತ್ತು ಮಂದಿ. ಪಿಂಕಿ "ನಾನೂ ಬರ್ಲಾ ಅತ್ತಮ್ಮಾ?" ಅಂದಿದ್ದಳು. ಯಾಕೆ ನಾಲ್ಕು ಮಾತು ಕೇಳಬೇಕು ಅಂತ ಬಟ್ಟೆ ಒಗೆಯಲು ಹಚ್ಚಿ ಬಂದಿದ್ದೆ. ದಿನೇಶನ ಹೆಂಡತಿ ಶೀತಲ ನನ್ನ ಪಕ್ಕಕ್ಕೇ ಕೂತಿದ್ದಳು. ಅವಳು ಯಾವಾಗಲೂ ಉದ್ದ ತೋಳಿನ ಕುರ್ತಾ ತೊಡುತ್ತಾಳೆ. ರೊಟ್ಟಿ ಬಡಿಯಬೇಕೆಂದರೆ ತೋಳು ಏರಿಸದೆ ಆಗುತ್ತದೆಯೇ? ಏರಿಸಿದಳು. ಮೊಣಕೈಯಿಂದ ಮುಂಗೈವರೆಗೆ ಬೆಲ್ಟಿನ ಬಾಸುಂಡೆ ಮಹಾನಂದಾ, ಹಳೆಯದರ ಮೇಲೆ ಹೊಸದು. ಒಂಬತ್ತು ಮಂದಿಯಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಹಂಚಿನ ಮೇಲಿದ್ದ ನನ್ನ ರೊಟ್ಟಿ ಸೀದುಹೋಯಿತು.

ಅಂದಿನಿಂದ ನನಗೆ ನಿದ್ದೆಯಿಲ್ಲ. ಅವಳನ್ನು ಹೊಡೆಯುವ ಕೈಗೆ ಹೇಗೆ ಓಟು ಹಾಕಲಿ? ಹಾಕದಿದ್ದರೆ ಇವರ ಆಣೆ ಮುರಿಯುತ್ತದೆ. ಇವರ ಎದೆಯಲ್ಲಿ ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ. ನೀನು ನಾಲ್ಕು ಅಕ್ಷರ ಹೆಚ್ಚು ಕಲಿತವಳು, ನೀನೇ ಹೇಳು. ಗಂಡ ಇಟ್ಟ ಆಣೆಯನ್ನು ಹೆಂಡತಿ ಮುರಿದರೆ ಅದು ಯಾರಿಗೆ ತಟ್ಟುತ್ತದೆ? ನನಗೆ ಭಾಳ ಹೆದರಿಕೆಯಾಗುತ್ತಿದೆ.

ನಿನ್ನ ಅಕ್ಕ,
ಶರಣಬಸಮ್ಮ

*

ತಾರ್ನಾಕ
ಜನವರಿ ೨೨

ಅಕ್ಕಾ,

ಕಾಗದ ತಲುಪಿತು. ಹರಿಯಲಿಲ್ಲ. ನಾಲ್ಕು ದಿನ ಟೇಬಲ್ಲಿನ ಮೇಲೆ ಹಾಗೇ ಇಟ್ಟಿದ್ದೆ. ನನ್ನ ಗಂಡ ಸೂರ್ಯನಾರಾಯಣ ಅವರೇ, ಯಾವ ತೆಲುಗಿನವನ ಕೈ ಹಿಡಿದೆನೆಂದು ನಿಮ್ಮವರು ನನ್ನನ್ನು ಹೊರಗೆ ಹಾಕಿದರೋ ಅವರೇ, "ಓದು, ಮೀ ಅಕ್ಕ ಕದಾ" ಅಂದರು.

ಭಂಡಾರದ ಆಣೆ ಯಾರಿಗೆ ತಟ್ಟುತ್ತದೆಂದು ನನ್ನನ್ನು ಕೇಳುತ್ತೀಯಲ್ಲ, ನಿನಗೆ ಧೈರ್ಯ ಬಹಳ. ಅದೇ ಅಂಗಳದಲ್ಲಿ ಅದೇ ಗುರುಸಿದ್ದಪ್ಪನವರು ಅದೇ ತಾಟು ಹಿಡಿದು, "ಈ ಹುಡುಗೀ ವ್ಯವಹಾರ ಯಾರಿಗೆ ಗೊತ್ತಿತ್ತು?" ಅಂತ ಕೇಳಿದಾಗ ನೀನು ಅರಿಶಿನದಲ್ಲಿ ಕೈಯಿಟ್ಟು "ನನಗ ಗೊತ್ತಿಲ್ಲ" ಅಂದೆ. ನಮ್ಮ ಮದುವೆಗೆ ಸೀರೆ ಆರಿಸಿಕೊಟ್ಟವಳೇ ನೀನು. ಆಗ ಯಾರಿಗೆ ತಟ್ಟಿತು?

ಓಟು ಹಾಕುವಲ್ಲಿ ನಿನ್ನ ಗಂಡನೂ ಇರುವುದಿಲ್ಲ, ಮೈಲಾರಲಿಂಗನೂ ಇರುವುದಿಲ್ಲ. ಮೂರು ಕಡೆ ರಟ್ಟು, ಒಂದು ಮಶೀನು, ನೀನು. ಇಷ್ಟೇ ನನಗೆ ಗೊತ್ತಿರುವುದು.

ಹುಡುಗಿ ಹೊರಗೇ ನಿಂತಿದ್ದಳು, ಒಳಗೆ ಬರಲು ಸಂಕೋಚಪಟ್ಟಳು. ಎಳೆದು ಕೂಡಿಸಿ ಚಹಾ ಕೊಟ್ಟೆ. ಯಾವ ಲೋಟದಲ್ಲಿ ಕುಡಿಯಲಿ ಅಂತ ಕೇಳಿದಳು. ನಿಮ್ಮ ಮನೆಯಲ್ಲಿ ಅವಳಿಗೆ ಬೇರೆ ಲೋಟವೇ?

ಮಹಾನಂದಾ

*

ಕುಷಾಯಿಗೂಡ
ಫೆಬ್ರುವರಿ ೬

ಮಹಾನಂದಾ,

ನೀನು ಬರೆದದ್ದೆಲ್ಲ ಸರಿ. ಲೋಟದ ಮಾತು ಈಗ ಬೇಡ.

ನಿನ್ನೆ ಓಟಾಯಿತು. ನಾನು ಕುಕ್ಕರ್ ಒತ್ತಿದೆ.

ಬೂತಿನೊಳಗೆ ದಿನೇಶನ ಕಡೆಯ ಏಜೆಂಟ್ ಬಸು ಕೂತಿದ್ದ, ನಮ್ಮ ಕೈಯಲ್ಲೇ ಉಂಡು ಬೆಳೆದವನು. "ಬರ್ರಿ ಕಾಕೂ" ಅಂತ ನಕ್ಕ. ಬೆರಳಿಗೆ ಮಸಿ ಹಚ್ಚಿಸಿಕೊಂಡು ರಟ್ಟಿನ ಹಿಂದೆ ಹೋದೆ. ದಿನೇಶನ ಗುರುತು ಮೇಲೆಯೇ ಇತ್ತು, ಕುಕ್ಕರ್ ಕೆಳಗಿನಿಂದ ಎರಡನೆಯದು. ಒತ್ತಿದೆ. ಅದು ಎಷ್ಟು ಜೋರಾಗಿ ಕೂಗಿತು ಅಂತೀ! ಎಲ್ಲರಿಗೂ ಹೀಗೇ ಕೂಗುತ್ತದೋ, ಕುಕ್ಕರಿಗೆ ಮಾತ್ರ ಬೇರೆ ಸದ್ದೋ ತಿಳಿಯದೆ ಅಲ್ಲೇ ನಿಂತುಬಿಟ್ಟೆ. "ಅಯಿಪೋಯಿಂದಿ ಅಮ್ಮಾ, ಪದಂಡಿ" ಅಂತ ಅಧಿಕಾರಿ ಬಾಗಿಲ ಕಡೆ ಕೈ ತೋರಿಸಬೇಕಾಯಿತು. ನನ್ನ ಹಿಂದಿನವಳು ಒತ್ತುವವರೆಗೂ ಬಾಗಿಲಲ್ಲಿ ಚಪ್ಪಲಿ ಹುಡುಕುವ ನೆವ ಮಾಡಿ ಕಿವಿಗೊಟ್ಟೆ. ಅದೇ ಸದ್ದು. ಆಗ ಉಸಿರು ಬಂತು.

ಮನೆಗೆ ಬಂದರೆ ಇವರು ಎದೆ ಹಿಡಿದುಕೊಂಡು ಸೋಫಾದಲ್ಲಿ ಒರಗಿದ್ದರು. ನನ್ನ ಜೀವವೇ ಹೋಯಿತು. ಶಿವನೇ, ಇಷ್ಟು ಬೇಗವೇ ಅಂದುಕೊಂಡೆ. ಬೂತಿನ ಹೊರಗೆ ನಮ್ಮವರು ಹಂಚಿದ ಮಿರ್ಚಿ ಭಜಿ ಆರು ತಿಂದಿದ್ದರಂತೆ. ಸೋಡಾ ಕುಡಿಸಿದ ಮೇಲೆ ತೇಗು ಬಂತು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಪಿಂಕಿಯೂ ಓಟು ಹಾಕಿ ಡ್ಯೂಟಿಗೆ ಹೋದಳು. ಯಾರಿಗೆಂದು ನಾನು ಕೇಳಲಿಲ್ಲ. ಕೇಳುವುದೇನು, ಅವಳ ಜನ, ಅವಳ ಬಸ್ತಿ.

ನನ್ನೊಬ್ಬಳ ಒಂದು ಓಟಿನಿಂದ ಏನಾಗುತ್ತದೆ ಹೇಳು? ದಿನೇಶ ಗೆದ್ದೇ ಗೆಲ್ಲುತ್ತಾನೆ. ನಾನು ಒತ್ತಿದ್ದು ನನ್ನ ಹತ್ತಿರವೇ ಇರುತ್ತದೆ. ಹೀಗಂತ ಸಮಾಧಾನ ಮಾಡಿಕೊಂಡಿದ್ದೇನೆ.

ಶರಣಬಸಮ್ಮ

*

ಕುಷಾಯಿಗೂಡ
ಫೆಬ್ರುವರಿ ೧೦

ಮಹಾನಂದಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ದಿನೇಶ ಸೋತ. ಆರೇ ಆರು ಓಟಿನಿಂದ.

ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಎಣಿಕೆಯ ಕಡೆ ಬೂತು ಬೂತಿನ ಲೆಕ್ಕ ಬರೆದುಕೊಂಡು ಬರುತ್ತಾರೆಂದು ನನಗೇನು ಗೊತ್ತು! ಬಸು ಕಾಗದ ತಂದು ಭಾವನವರ ಮುಂದಿಟ್ಟ. ಹದಿನಾಲ್ಕನೇ ಬೂತಿನಲ್ಲಿ ಬಾಲಮಣಿಗೆ ಒಂಬತ್ತು ಓಟು. ಸೊನ್ನೆ ಬರಬೇಕಿದ್ದಲ್ಲಿ ಒಂಬತ್ತು. ಆ ಬೂತಿನಲ್ಲಿ ತೆಲುಗಿನವರ ಮನೆಗಳೂ ಇವೆ, ಆದರೆ ಅವರು ಬಸ್ತಿಯ ಹೆಂಗಸಿಗೆ ಜನ್ಮದಲ್ಲಿ ಹಾಕುವವರಲ್ಲ. ಒಂಬತ್ತೂ ನಮ್ಮವರದೇ ಅಂತ ಭಾವನವರು ಬರೆದಿಟ್ಟ ಹಾಗೆ ಹೇಳಿದರು.

ಚಹಾ ಕೊಡಲು ಹೋದ ನಾನು ಆ ಮಾತು ಕೇಳಿಸಿಕೊಂಡು ಬಾಗಿಲಲ್ಲೇ ನಿಂತೆ. ನಾನು ಹಾಕಿದ್ದು ಒಂದು. ಉಳಿದ ಎಂಟು ಯಾರದು? ಎಣಿಸುತ್ತಾ ಹೋದೆ. ಭೋಗಿಯ ದಿನ ಒಲೆಯ ಸುತ್ತ ಕೂತವರು ಒಂಬತ್ತು ಮಂದಿ. ಒಬ್ಬರಿಗೊಬ್ಬರು ಒಂದು ಮಾತು ಆಡಿಕೊಂಡಿಲ್ಲ, ದೇವರಾಣೆಗೂ ಇಲ್ಲ. ಒಂಬತ್ತರಲ್ಲಿ ಶೀತಲನೂ ಒಬ್ಬಳು. ಗಂಡನ ಹೆಸರಿನ ಎದುರಿನ ಗುಂಡಿ ಬಿಟ್ಟು ಅವಳೂ ಕೆಳಗಿಳಿದಳೇ?

ಈಗ ನಲ್ಲಿಯ ಹತ್ತಿರ, ಅಂಗಡಿಯಲ್ಲಿ, ನಾವು ಒಬ್ಬರನ್ನೊಬ್ಬರು ನೋಡುವುದಿಲ್ಲ. ಕಣ್ಣು ಕೂಡಿದರೆ ಗೊತ್ತಾಗಿಬಿಡುತ್ತದೆ ಅನ್ನುವ ಭಯ. ಬಾಲಮಣಿಯ ಮೆರವಣಿಗೆ ನಮ್ಮ ಗಲ್ಲಿಯಲ್ಲಿ ಬಂದಾಗ ನಾನು ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಕೂತಿದ್ದೆ.

ಶರಣಬಸಮ್ಮ

*

ತಾರ್ನಾಕ
ಫೆಬ್ರುವರಿ ೧೪

ಅಕ್ಕಾ,

ಎರಡೂ ಕಾಗದ ಓದಿದೆ. ನಿನ್ನ ಬಗ್ಗೆ ಹೆಮ್ಮೆಪಡಬೇಕೋ ನಿನಗೋಸ್ಕರ ಹೆದರಬೇಕೋ ತಿಳಿಯುತ್ತಿಲ್ಲ. ಸದ್ಯಕ್ಕೆ ಎರಡನ್ನೂ ಮಾಡುತ್ತಿದ್ದೇನೆ.

ಬಾಯಿ ಮುಚ್ಚಿಕೊಂಡಿರು. ಯಾರು ಎಷ್ಟು ಹೆದರಿಸಿದರೂ ಓಟು ಯಾರದೆಂದು ಯಾವ ಕಾಗದವೂ ಹೇಳುವುದಿಲ್ಲ. ಸುಮ್ಮನಿದ್ದರೆ ತಿಂಗಳಲ್ಲಿ ಎಲ್ಲ ತಣ್ಣಗಾಗುತ್ತದೆ.

ಪಿಂಕಿ ಮೊನ್ನೆ ಅರ್ಧ ಗಂಟೆ ಕೂತಿದ್ದಳು. ರೊಟ್ಟಿ ಬಡಿಯುವುದನ್ನು ಕಲಿಸಿಕೊಡಿ ಅಂದಳು. ಮೂರು ಹರಿದವು, ನಾಲ್ಕನೆಯದು ಬಂತು. ನಿಮ್ಮ ಮನೆಯಲ್ಲಿ ಯಾಕೆ ಕಲಿಸಲಿಲ್ಲವೆಂದು ಕೇಳಿದೆ. ನಕ್ಕು ಐದನೆಯದಕ್ಕೆ ಹಿಟ್ಟು ತೆಗೆದುಕೊಂಡಳು.

ಮಹಾನಂದಾ

*

ಕುಷಾಯಿಗೂಡ
ಮಾರ್ಚ್ ೪

ಮಹಾನಂದಾ,

ತಣ್ಣಗಾಗಲಿಲ್ಲ. ಕೆಟ್ಟದ್ದೇ ಆಯಿತು.

ಭಾನುವಾರ ಸಮಾಜದ ಸಭೆ ಕೂಡಿತ್ತು. ಭಾವನವರು ಎದ್ದು ನಿಂತು, "ರಕ್ತ ರಕ್ತಕ್ಕ ಓಟು ಹಾಕ್ತೈತಿ. ನಮ್ಮ ಹೆಣ್ಣಮಕ್ಳು ಹಂಗ ಮಾಡವರಲ್ಲ. ಹೊರಗಿನಾಕಿ ಒಬ್ಬಾಕಿ ಒಳಗ ಬಂದು ಎಂಟು ಮಂದಿ ತಲಿ ಕೆಡಿಸ್ಯಾಳ" ಅಂದರು. ಹೆಸರು ಹೇಳಲಿಲ್ಲ, ಎಲ್ಲರೂ ವೈಭವನ ಮುಖ ನೋಡಿದರು. ಬರುವ ಅಮಾವಾಸ್ಯೆಗೆ ಸಮಾಜದ ಹೆಂಗಸರೆಲ್ಲ ಭಂಡಾರ ಮುಟ್ಟಿ "ನಮ್ಮವರಿಗೇ ಹಾಕೀನಿ" ಅಂತ ಆಣೆ ಮಾಡಬೇಕು. ಎಲ್ಲರೂ ಆಣೆ ಮಾಡಿದ ಮೇಲೆ ಉಳಿಯುವವಳು ಪಿಂಕಿ. ಅವಳನ್ನು ತವರಿಗೆ ಕಳಿಸಬೇಕು, ಇಲ್ಲದಿದ್ದರೆ ನಮ್ಮ ಮನೆಯನ್ನೇ ಸಮಾಜದಿಂದ ಹೊರಗಿಡುತ್ತಾರೆ. ವೈಭವ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ನನ್ನ ಹಾಗೇ ಸುಮ್ಮನಿದ್ದ.

ಮನೆಗೆ ಬಂದು ಪಿಂಕಿ ನನ್ನ ಎದುರು ಕೂತಳು. "ಅತ್ತಮ್ಮಾ, ನಾ ಹಾಕಿಲ್ಲ. ದಿನೇಶಣ್ಣಗೇ ಹಾಕೀನಿ. ನಾನೂ ಆಣಿ ಮಾಡ್ತೀನಿ, ಹೇಳ್ರಿ ಅವರಿಗಿ" ಅಂದಳು. ಬಸ್ತಿಯವರೆಲ್ಲ ಬೈದರಂತೆ, ಸ್ವಂತ ತಾಯಿ ಮಾತು ಬಿಟ್ಟಳಂತೆ. ಆದರೂ ನಮ್ಮವರಿಗೇ ಹಾಕಿದ್ದಾಳೆ. ಯಾಕೆ ಅಂದರೆ, "ಹಾಕಿದ್ರ ನಿಮ್ಮಾಕಿ ಅಂತೀರಿ ಅಂದ್ಕೊಂಡೆ" ಅಂದಳು.

ನನಗೆ ಅದು ನಿಜವೆಂದು ಗೊತ್ತು. ಶೀತಲನ ತೋಳು ಅವಳು ನೋಡಿಯೇ ಇಲ್ಲವಲ್ಲ. ನಾವು ಅವಳನ್ನು ರೊಟ್ಟಿಗೆ ಕೂಡಿಸಿರಲಿಲ್ಲ.

ಇವರು ಹೋಗಿ ಭಾವನವರನ್ನು ಕೇಳಿದರು. "ಆಕಿ ಭಂಡಾರ ಮುಟ್ಟಂಗಿಲ್ಲ, ಆಕಿ ಆಣಿ ನಡಿಯಂಗಿಲ್ಲ" ಅಂದರಂತೆ. ನಿಜ ಹೇಳಬಲ್ಲವಳಿಗೆ ಬಾಯಿಲ್ಲ. ನಾವು ಒಂಬತ್ತು ಮಂದಿ ಸುಳ್ಳು ಹೇಳಬೇಕು, ಅವಳು ಮನೆ ಬಿಡಬೇಕು.

ನಾನೂ ಸುಳ್ಳು ಹೇಳಿಬಿಡಬಹುದು. ಒಮ್ಮೆ ಹೇಳಿದವಳೇ ಅಲ್ಲವೇ? ಆಗ ಯಾರಿಗೆ ತಟ್ಟಿತು ಅಂತ ನೀನು ಕೇಳಿದ್ದೆ. ಕೇಳಿಸಿಕೋ. ಅಂದು ಭಂಡಾರದಲ್ಲಿ ಕೈಯಿಟ್ಟು ನಿನ್ನ ವಿಷಯ ಗೊತ್ತಿಲ್ಲ ಅಂದಾಗ ನನಗೆ ನಾಲ್ಕು ತಿಂಗಳು. ಏಳಕ್ಕೆ ಕೂಸು ಹೋಯಿತು. ಹೆಣ್ಣು ಕೂಸು. ತಲೆತುಂಬ ಕೂದಲಿತ್ತು. ಯಾರಿಗೂ ನಾನು ಕಾರಣ ಹೇಳಲಿಲ್ಲ, ಇವರಿಗೂ ಹೇಳಿಲ್ಲ. ನನ್ನ ಸುಳ್ಳೇ ಅದನ್ನು ತಿಂದಿತು ಅಂತ ನಾನು ಒಬ್ಬಳೇ ಇಟ್ಟುಕೊಂಡಿದ್ದೇನೆ. ಈಗ ಮತ್ತೆ ಕೈಯಿಡು ಅನ್ನುತ್ತಾರೆ. ಸುಳ್ಳು ಹೇಳಿದರೆ ಯಾರನ್ನು ತಿನ್ನುತ್ತದೋ, ನಿಜ ಹೇಳಿದರೆ ಇವರನ್ನು ತಿನ್ನುತ್ತದೋ.

ಅಕ್ಕ

*

ತಾರ್ನಾಕ
ಮಾರ್ಚ್ ೬

ಅಕ್ಕಾ,

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಕೂಸು ಹೋದದ್ದು ನಿನ್ನ ಮಾತಿನಿಂದಲ್ಲ. ನಿನಗೆ ರಕ್ತ ಎಷ್ಟು ಕಡಿಮೆಯಿತ್ತು, ಆ ಬೇಸಿಗೆಯಲ್ಲಿ ಎರಡು ಅಂತಸ್ತು ನೀರು ಹೊರುತ್ತಿದ್ದೆ, ನನ್ನನ್ನು ಹೊರಗೆ ಹಾಕುವವರೆಗೂ ನಾನು ನೋಡಿದ್ದೇನೆ. ಆಮೇಲೂ ನಾನು ಅಲ್ಲಿದ್ದಿದ್ದರೆ ಹೊರಲು ಬಿಡುತ್ತಿರಲಿಲ್ಲ. ಇದನ್ನು ದಿನಕ್ಕೊಂದು ಸಲ ಓದು.

ಬಾಯಿ ಮುಚ್ಚಿಕೊಂಡಿರು ಅಂತ ಬರೆದಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿನ್ನ ಸೊಸೆ ತನ್ನ ಮೇಲಿನ ಸುಳ್ಳನ್ನು ತಾನೇ ಹೊತ್ತು ನನ್ನ ಬಾಗಿಲಿಗೆ ತರುತ್ತಾಳೆ, ಕವರು ಕೊಟ್ಟು "ಅತ್ತಮ್ಮ ಹುಷಾರಿಲ್ಲ, ಊಟ ಮಾಡವಲ್ರು" ಅಂತ ಕಣ್ಣೀರು ತರುತ್ತಾಳೆ. ಅವಳ ಮುಂದೆ ಕೂತು ಓದುವುದು ನನ್ನಿಂದ ಆಗಲಿಲ್ಲ. ಇನ್ನೊಂದು ಸಲ ಹೀಗೆ ಕಳಿಸಿದರೆ ನಾನು ತೆಲುಗಿನಲ್ಲಿ ಅವಳಿಗೆ ಓದಿ ಹೇಳುತ್ತೇನೆ.

ನಂದಾ

*

ಕುಷಾಯಿಗೂಡ
ಮಾರ್ಚ್ ೨೨

ನಂದಾ,

ಅಮಾವಾಸ್ಯೆ ಮುಗಿಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಗಂಡಸರು ಎದುರಿಗೆ, ಹೆಂಗಸರು ಸಾಲಾಗಿ. ಪಿಂಕಿಯನ್ನು ಗೇಟಿನ ಹೊರಗೆ ನಿಲ್ಲಿಸಿದ್ದರು. ಅದೇ ಹಿತ್ತಾಳೆ ತಾಟು, ಅಂಚಿನಲ್ಲಿ ನೆಗ್ಗಿದ್ದು ಈಗಲೂ ಹಾಗೇ ಇದೆ. ಹಿರಿಯಳೆಂದು ನನ್ನನ್ನೇ ಮೊದಲು ಕರೆದರು. ತಾಟಿನವರೆಗೆ ಎಂಟು ಹೆಜ್ಜೆ ಇರಬೇಕು.

ಅರಿಶಿನದಲ್ಲಿ ಕೈಯಿಟ್ಟೆ. ಏನು ಹೇಳಬೇಕೆಂದು ಅಲ್ಲಿಯವರೆಗೂ ತೀರ್ಮಾನ ಮಾಡಿರಲಿಲ್ಲ, ಸುಳ್ಳು ಹೇಳುವುದಿಲ್ಲ ನಿನ್ನ ಹತ್ತಿರ. ತಲೆಯೆತ್ತಿದರೆ ಗೇಟಿನ ಸರಳುಗಳ ಆಚೆ ಪಿಂಕಿ ಕೈಮುಗಿದು ನಿಂತಿದ್ದಳು. ನನಗೇನೂ ಆಗದಿರಲಿ ಅಂತ ಬೇಡಿಕೊಳ್ಳುತ್ತಿದ್ದಳಂತೆ, ಆಮೇಲೆ ಹೇಳಿದಳು.

"ಭಾವನವರ, ನಾ ಬಾಲಮಣಿಗೆ ಹಾಕೀನ್ರಿ. ಪಿಂಕಿ ನಿಮಗ ಹಾಕ್ಯಾಳ" ಅಂದೆ.

ನನ್ನ ದನಿ ನನಗೇ ಕೇಳಲಿಲ್ಲ. ಇನ್ನೊಮ್ಮೆ ಹೇಳಿದೆ. ಭಾವನವರ ಮುಖದಲ್ಲಿ ರಕ್ತವೇ ಇರಲಿಲ್ಲ. "ಒಂಬತ್ತೂ ನೀ ಒಬ್ಬಾಕಿನ ಹಾಕಿದೇನು? ಉಳಿದೆಂಟು ಯಾರವು, ಹೇಳು" ಅಂದರು. "ನನ್ನದೊಂದು ನನಗ ಗೊತ್ತೈತ್ರಿ. ಉಳಿದದ್ದು ನನಗ ಗೊತ್ತಿಲ್ಲ" ಅಂದೆ. ಅಯ್ಯೋ, ಮತ್ತೆ ಅದೇ ಮಾತು ಅದೇ ತಾಟಿನ ಮೇಲೆ ಬಂತು ನೋಡು! ಇದು ತಟ್ಟುವುದಾದರೆ ತಟ್ಟಲಿ.

ನನ್ನ ಹಿಂದೆ ಇನ್ನಾರಾದರೂ ಬಾಯಿ ತೆರೆಯುತ್ತಾರೆಂದು ಒಂದು ಆಸೆಯಿತ್ತು. ಯಾರೂ ತೆರೆಯಲಿಲ್ಲ. ಒಬ್ಬೊಬ್ಬರೇ ಬಂದು, ಕೈಯಿಟ್ಟು, "ನಮ್ಮವರಿಗೇ ಹಾಕೀನಿ" ಅಂದು ಹೋದರು. ಸಿಟ್ಟು ಬರಲಿಲ್ಲ. ನಾನೂ ಹಾಗೆಯೇ ನಿಂತವಳಲ್ಲವೇ.

ಕೊನೆಗೆ ಶೀತಲ. ಕಿರಿಯಳೆಂದು ಕೊನೆಗೆ ಕರೆದರು. ದಿನೇಶ ಗಂಡಸರ ಮುಂದಿನ ಸಾಲಿನಲ್ಲೇ ಕೂತಿದ್ದ. ಅವಳು ತಾಟಿನ ಮುಂದೆ ನಿಂತು, ಅರಿಶಿನ ಬಟ್ಟೆಗೆ ಹತ್ತಬಾರದು ಅನ್ನುವಂತೆ, ಬಲಗೈಯ ತೋಳನ್ನು ನಿಧಾನವಾಗಿ ಮೊಣಕೈ ದಾಟಿಸಿ ಏರಿಸಿದಳು. ಆಮೇಲೆ ಎಡಗೈಯದನ್ನೂ ಏರಿಸಿದಳು. ಎರಡೂ ಕೈಯನ್ನು ಭಂಡಾರದಲ್ಲಿ ಊರಿ, ಸಣ್ಣ ದನಿಯಲ್ಲಿ "ನಾ ನಮ್ಮನಿಯವರಿಗೇ ಹಾಕೀನ್ರಿ" ಅಂದಳು. ಆದರೆ ಕೈ ತೆಗೆಯಲಿಲ್ಲ. ಎಲ್ಲರೂ ನೋಡುವಷ್ಟು ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಸೇರಿದ್ದ ಗಂಡಸರೆಲ್ಲ ಆ ತೋಳುಗಳನ್ನು ನೋಡಿದರು. ಭಾವನವರು ತಾಟಿನ ಮೇಲೆ ಬಟ್ಟೆ ಮುಚ್ಚಿ "ಮುಗೀತು, ನಡ್ರಿ" ಅಂದರು.

ನಮ್ಮನ್ನು ಹೊರಗೆ ಹಾಕಿದ್ದಾರೆ. ಹಬ್ಬಕ್ಕಿಲ್ಲ, ಮದುವೆಗಿಲ್ಲ, ಸತ್ತರೆ ಹೆಗಲಿಲ್ಲ. ಇವರು ಮೂರು ದಿನ ಮಾತು ಬಿಟ್ಟಿದ್ದರು. ನಿನ್ನೆ ಊಟಕ್ಕೆ ಕೂತವರು ತಾವಾಗಿಯೇ, "ಆಣಿ ಮುರದು ಒಂದೂವರಿ ತಿಂಗಳಾತು. ಎದಿ ನೋಯವಲ್ದು. ಗುಳಿಗಿ ಕೊಡು ಸುಮ್ಮ" ಅಂದರು. ಗುಳಿಗೆ ಕೊಟ್ಟು ನಾನೂ ಅಲ್ಲೇ ತಾಟು ಹಚ್ಚಿಕೊಂಡೆ.

ಪಿಂಕಿ ಒಂದೇ ಕೇಳಿದಳು. "ಶೀತಲಕ್ಕನ ಕೈ ಹಂಗೈತಿ ಅಂತ ನಿಮಗೆಲ್ಲ ಗೊತ್ತಿತ್ತಾ ಅತ್ತಮ್ಮಾ? ನನಗ್ಯಾಕ ಹೇಳಲಿಲ್ಲ? ನಾ ಅವನಿಗಿ ಹಾಕ್ತಿದ್ದಿಲ್ಲ." ಎದ್ದು ಹೋಗಿ, ಅವಳ ಬೇರೆ ಲೋಟವನ್ನು ನಮ್ಮ ಲೋಟಗಳ ಜೊತೆ ಸೇರಿಸಿ ತೊಳೆದಿಟ್ಟೆ. ಅಷ್ಟರಿಂದ ಏನಾಗುತ್ತದೆ, ನನಗೂ ಗೊತ್ತು.

ಆದರೆ ಈಗಿನ ಹೆದರಿಕೆ ಬೇರೆ. ಅಮಾವಾಸ್ಯೆಯಿಂದ ಶೀತಲನನ್ನು ಯಾರೂ ನೋಡಿಲ್ಲ. ಅವರ ಮೇಲಿನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದೆ. ನಿನ್ನೆ ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದಾಗ ಆ ಕಿಟಕಿಯ ಸಂದಿನಲ್ಲಿ ಎರಡು ಬೆರಳು ಕಂಡವು, ಅರಿಶಿನ ಇನ್ನೂ ಹೋಗಿಲ್ಲ. ದಿನೇಶ ಅವಳನ್ನು ಏನು ಮಾಡುತ್ತಾನೋ! ಬರುವ ಭಾನುವಾರ ಅಪ್ಪ ಮಗ ಇಬ್ಬರೂ ಊರಿಗೆ ಹೋಗುತ್ತಾರಂತೆ, ಬಸು ಕಾವಲಿರುತ್ತಾನಂತೆ.

ಈ ಕಾಗದವನ್ನು ಮಡಚುವ ಮುಂಚೆ ಪಿಂಕಿಗೆ ಪೂರಾ ಓದಿ ಹೇಳಿದ್ದೇನೆ. ಹಿಂದಿನ ಕಾಗದಗಳಲ್ಲಿ ಏನಿತ್ತೆಂದೂ ಹೇಳಿದೆ. "ಬಾಲಮಣಕ್ಕನ ಕಡಿ ಹೋಗಿ ಬರ್ತೀನಿ" ಅಂದು ಚಪ್ಪಲಿ ಮೆಟ್ಟಿದಳು. ನಾನು ಬೇಡ ಅನ್ನಲಿಲ್ಲ.

ಅಕ್ಕ

*

ತಾರ್ನಾಕ
ಮಾರ್ಚ್ ೩೦

ಅಕ್ಕಾ,

ಹೆಸರು ಬರೆಯುವುದಿಲ್ಲ, ನಿನಗೆ ಗೊತ್ತಾಗುತ್ತದೆ. ಅವಳು ಇಲ್ಲಿದ್ದಾಳೆ.

ನಿನ್ನೆ ಮಧ್ಯಾಹ್ನ ಒಂದು ಆಟೋ ಬಂದು ನಿಂತಿತು. ಬಾಲಮಣಿ ಮುಂದೆ, ಹಿಂದೆ ಪಿಂಕಿ, ಅವಳ ದುಪಟ್ಟಾದೊಳಗೆ ಇವಳು. ಮಕ್ಕಳ ಪೋಲಿಯೋ ಹನಿ ಹಾಕಲು ಬಂದಿದ್ದೇವೆಂದು ಬಾಲಮಣಿ ಬಸುವನ್ನು ಬಾಗಿಲಲ್ಲಿ ಮಾತಿಗೆ ಹಚ್ಚಿದಳಂತೆ, ಪಿಂಕಿ ಹಿಂದಿನ ಮೆಟ್ಟಿಲು ಹತ್ತಿ ಚಿಲಕ ತೆಗೆದಳಂತೆ. ಸಂಜೆಯೊಳಗೆ ಠಾಣೆಗೆ ಹೋಗಿ ದೂರು ಬರೆಸಿ ಬಂದೆವು. ಬರೆದುಕೊಳ್ಳುವವರೆಗೂ ಬಾಲಮಣಿ ಬೆಂಚು ಬಿಟ್ಟು ಏಳಲಿಲ್ಲ, ನೀನು ಕೇಳಿದ್ದು ನಿಜ. ಒಂದು ಪಕ್ಕೆಲುಬು ಬಿರುಕು ಬಿಟ್ಟಿದೆ. ಡಾಕ್ಟರು ಮಾತಾಡಿಸಬೇಡಿ ಅಂದಿದ್ದಾರೆ, ಅವಳೇ ಮಾತಾಡುತ್ತಾಳೆ. ನಿನ್ನ ಬಗ್ಗೆ ಎರಡು ಸಲ ಕೇಳಿದಳು.

ಬೆಳಿಗ್ಗೆಯಿಂದ ಒಂದು ಬಿಳಿ ಕಾರು ನಮ್ಮ ಗಲ್ಲಿಯಲ್ಲಿ ಮೂರು ಸಲ ಹೋಗಿ ಬಂತು. ಇವರು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಪೇಪರ್ ಓದುವ ಹಾಗೆ ಕೂತಿದ್ದಾರೆ. ಹಾಳೆ ತಿರುಗಿಸಿದ್ದು ನಾನು ಕಂಡಿಲ್ಲ. ನನಗೂ ಹೆದರಿಕೆಯಾಗುತ್ತಿದೆ ಅಕ್ಕಾ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಪಿಂಕಿ ರಜೆ ಹಾಕಿ ಇಲ್ಲೇ ಉಳಿದಿದ್ದಾಳೆ. ಈಗ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಳೆ. ಇವಳು ಗೋಡೆಗೆ ಒರಗಿ, "ಅಂಚು ತಿರುವು, ಅಂಚು" ಅಂತ ಹೇಳಿಕೊಡುತ್ತಿದ್ದಾಳೆ. ಈ ಕಾಗದವನ್ನು ವೈಭವನ ಕೈಯಲ್ಲಿ ಕಳಿಸುತ್ತಿದ್ದೇನೆ. ಹೆಂಡತಿಯನ್ನು ಹುಡುಕಿಕೊಂಡು ಬಂದು ತಲೆತಗ್ಗಿಸಿ ವರಾಂಡದಲ್ಲಿ ಕೂತಿದ್ದ. ಅವಳು ಇನ್ನೂ ಅವನ ಜೊತೆ ಮಾತಾಡಿಲ್ಲ.

ನೀನು ಬಾ. ನಿನ್ನ ಗಂಡ, ಮಲ್ಲಣ್ಣ ಭಾವನವರೂ ಬಂದರೆ ಕರೆದುಕೊಂಡು ಬಾ. ಇಪ್ಪತ್ತೆರಡು ವರ್ಷದ ಹಿಂದೆ ನಾನು ನಿಮ್ಮ ಬಾಗಿಲು ತಟ್ಟಿದಾಗ ನೀನು ಒಳಗೆ ನಿಂತಿದ್ದೆ. ಬಾಗಿಲ ಕೆಳಗಿನ ಸಂದಿನಲ್ಲಿ ನಿನ್ನ ಕಾಲುಂಗುರ ಕಾಣುತ್ತಿದ್ದವು. ಇದನ್ನು ಯಾವತ್ತಾದರೂ ನಿನಗೆ ಹೇಳಬೇಕೆಂದಿದ್ದೆ, ಈಗ ಹೇಳಿದ್ದೇನೆ, ಮುಗಿಯಿತು.

ಬಂದು ತಟ್ಟು. ಒಳಗಿನಿಂದ ಯಾರು ಅಂತ ಕೇಳುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನೆಯಿಂದ ಎಲ್ಲರನ್ನೂ ಹಾಗೇ ಕೇಳಬೇಕಾಗಿದೆ. ನಿನ್ನ ಹೆಸರು ಹೇಳು. ನಾನು ಬಾಗಿಲು ತೆಗೆಯುತ್ತೇನೆ.

ನಿನ್ನ ತಂಗಿ,
ನಂದಾ